ಕೊಟ್ಟ ಕೈಗೆ ಕೋಳ

ಮನೆಯಲ್ಲಿ ಮಾಡಿದ್ದನ್ನು ನಾಲ್ಕು ಜನರಿಗೆ ಹಂಚಿ ತಿನ್ನಬೇಕು ಎಂಬುದು ನಮ್ಮ ಹಿರಿಯರ ಮಾತು. ಹಬ್ಬದ ಹೋಳಿಗೆ ಪಕ್ಕದ ಮನೆಗೆ ಹೋಗುತ್ತದೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಬೀದಿಯನ್ನೇ ಸುತ್ತಿ ಬರುತ್ತದೆ. ದುಡ್ಡು ತೆಗೆದುಕೊಳ್ಳದೆ ಕೊಟ್ಟ ತಿಂಡಿಗೆ ಲೆಕ್ಕ ಕೇಳುವವರು ಯಾರೂ ಇಲ್ಲ. ಆದರೆ ಆ ತಿಂಡಿಯೊಳಗೆ ಗಾಂಜಾ ಬೆರೆತಿದ್ದರೆ? 'ನಾನು ಮಾರಲಿಲ್ಲ, ಸುಮ್ಮನೆ ಕೊಟ್ಟೆ' ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ ವಿಚಿತ್ರವೆನಿಸಬಹುದು. ಹೋಳಿ, ಶಿವರಾತ್ರಿಗಳಂದು ಕಾಶಿ, ಮಥುರೆಗಳ ಕಡೆ ಭಂಗಿ ಬೆರೆಸಿದ ಥಂಡಾಯಿ ಲೋಟಗಟ್ಟಲೆ ಹಂಚಿಹೋಗುವ ದೇಶ ನಮ್ಮದು. ಇದೇ ದೇಶದಲ್ಲಿ 2021ರ ಜುಲೈನಲ್ಲಿ ಮುಂಬೈನ ಮಾಲಾಡ್‌ನ ಬೇಕರಿಯೊಂದರ ಮೇಲೆ ಮಾದಕ ವಸ್ತು ನಿಯಂತ್ರಣ ಬ್ಯೂರೊ (ಎನ್‌ಸಿಬಿ) ಅಧಿಕಾರಿಗಳು ದಾಳಿ ನಡೆಸಿ, ಗಾಂಜಾ ಬೆರೆಸಿದ್ದೆನ್ನಲಾದ 830 ಗ್ರಾಂ 'ಬ್ರೌನಿ' ವಶಪಡಿಸಿಕೊಂಡರು. ಬ್ರೌನಿ ಎಂದರೆ ಚಾಕೊಲೇಟ್ ಹಾಕಿ ಬೇಯಿಸಿ, ಚೌಕವಾಗಿ ಕತ್ತರಿಸಿದ ಕೇಕಿನ ತುಂಡು. ಥಂಡಾಯಿಗೆ ಇಲ್ಲದ ಭಯ ಬ್ರೌನಿಗೆ ಏಕೆ? ಮಾರುವವನಿಗೂ ಹಂಚುವವನಿಗೂ ಕಾನೂನು ವ್ಯತ್ಯಾಸ ಮಾಡುವುದಿಲ್ಲವೇ?

ಈ ಪ್ರಶ್ನೆಯನ್ನು ಪೊಲೀಸ್ ಠಾಣೆ, ನ್ಯಾಯಾಲಯ, ಆಸ್ಪತ್ರೆ, ಮತಗಟ್ಟೆ ಎಲ್ಲೆಡೆಗೂ ಕೊಂಡೊಯ್ದವರು ಅಮೆರಿಕದ ಒಬ್ಬ ಅಜ್ಜಿ. 'ಬ್ರೌನಿ ಮೇರಿ' ಎಂದೇ ಹೆಸರಾದ ಅವರ ಕಥೆಯನ್ನು ಮೊದಲು ನೋಡಿ, ಬಳಿಕ ನಮ್ಮ ಕಾನೂನಿನ ಕಡೆಗೆ ಬರೋಣ.

ಹೋಟೆಲಿನ ಪರಿಚಾರಕಿ

ಮೇರಿ ಜೇನ್ ರಾಥ್‌ಬನ್ ಹುಟ್ಟಿದ್ದು 1922ರ ಡಿಸೆಂಬರ್ 22ರಂದು, ಷಿಕಾಗೊ ನಗರದಲ್ಲಿ. ಬೆಳೆದದ್ದು ಮಿನಿಯಾಪೊಲಿಸ್‌ನಲ್ಲಿ, ಸಂಪ್ರದಾಯಸ್ಥ ಕ್ಯಾಥೊಲಿಕ್ ಕುಟುಂಬದಲ್ಲಿ. ಅಮೆರಿಕದ ಆಡುಮಾತಿನಲ್ಲಿ 'ಮೇರಿ ಜೇನ್' ಎಂಬುದು ಗಾಂಜಾಕ್ಕೆ ಇರುವ ಅಡ್ಡಹೆಸರು. ಮಗಳಿಗೆ ಈ ಹೆಸರಿಟ್ಟ ತಾಯಿಗೆ ಮುಂದಿನದು ಗೊತ್ತಿರಲು ಸಾಧ್ಯವಿರಲಿಲ್ಲ.

ಹದಿಹರೆಯದಲ್ಲೇ ಮನೆ ಬಿಟ್ಟ ಮೇರಿ ಹೋಟೆಲುಗಳಲ್ಲಿ ಊಟ ಬಡಿಸುವ ಕೆಲಸ ಹಿಡಿದರು. ಜೀವನದ ಬಹುಭಾಗ ಅದೇ ಅವರ ವೃತ್ತಿ. ಎರಡನೇ ಮಹಾಯುದ್ಧದ ಕಾಲಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ಸೇರಿದರು. ಮದುವೆಯಾಯಿತು, ಮುರಿಯಿತು. ಇದ್ದ ಒಬ್ಬಳೇ ಮಗಳು 1970ರ ದಶಕದ ಆರಂಭದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಎದುರಿನ ಕಾರಿನ ಚಾಲಕ ಕುಡಿದಿದ್ದ. ಅಮೆರಿಕದಲ್ಲಿ ಮದ್ಯ ಕಾನೂನುಬದ್ಧ, ಗಾಂಜಾ ಅಪರಾಧ. ಈ ವ್ಯತ್ಯಾಸದ ಅರ್ಥವೇನೆಂದು ಮೇರಿ ಮುಂದೆ ಸಾರ್ವಜನಿಕವಾಗಿ ಕೇಳತೊಡಗಿದಾಗ ಅದರ ಹಿಂದೆ ಈ ನೋವೂ ಇತ್ತು.

1974ರಲ್ಲಿ ಅವರಿಗೆ ಡೆನಿಸ್ ಪೆರಾನ್ ಎಂಬ ಯುವಕನ ಪರಿಚಯವಾಯಿತು. ವಿಯೆಟ್ನಾಂ ಯುದ್ಧದಲ್ಲಿ ವಾಯುಪಡೆಯಲ್ಲಿದ್ದು ಮರಳಿದ್ದ ಪೆರಾನ್, ಗಾಂಜಾ ಮೇಲಿನ ನಿರ್ಬಂಧ ಹೋಗಬೇಕೆಂದು ಹೋರಾಡುತ್ತಿದ್ದವರು. ಮೇರಿಯಾದರೋ ಹೋಟೆಲಿನ ಸಂಬಳ ಸಾಲದೆ, ಮನೆಯಲ್ಲಿ ಗಾಂಜಾ ಬೆರೆಸಿದ ಬ್ರೌನಿ ಮಾಡಿ ಮಾರಲಾರಂಭಿಸಿದರು. ಇದನ್ನು ಮರೆಮಾಚುವ ಅಗತ್ಯವಿಲ್ಲ. ಶುರುವಿನಲ್ಲಿ ಅದು ದಾನವಲ್ಲ, ವ್ಯಾಪಾರವೇ ಆಗಿತ್ತು.

54 ಡಜನ್

1981ರ ಜನವರಿ 14ರಂದು ಪೊಲೀಸರು ಮೇರಿಯ ಮನೆಗೆ ಬಂದರು. ಸಿಕ್ಕಿದ್ದು 18 ಪೌಂಡ್, ಅಂದರೆ ಸುಮಾರು 8 ಕಿಲೊ ಗಾಂಜಾ, ಜೊತೆಗೆ 54 ಡಜನ್ ಬ್ರೌನಿ. ಆಗ ಅವರ ವಯಸ್ಸು 58. ಪತ್ರಿಕೆಗಳಿಗೆ ಇದು ಒಳ್ಳೆಯ ಸುದ್ದಿ. ನೆರೆಮನೆಯ ಅಜ್ಜಿಯಂತಿದ್ದ ಹೆಂಗಸು ಪೊಲೀಸರ ನಡುವೆ ನಿಂತ ಚಿತ್ರವನ್ನು ಯಾರು ತಾನೆ ಬಿಟ್ಟಾರು? 'ಬ್ರೌನಿ ಮೇರಿ' ಎಂಬ ಹೆಸರು ಅಲ್ಲಿಂದ ಅಂಟಿಕೊಂಡಿತು.

ಮೇರಿ ತಪ್ಪೊಪ್ಪಿಕೊಂಡರು. ನ್ಯಾಯಾಧೀಶರು ಜೈಲಿಗೆ ಕಳಿಸದೆ ಮೂರು ವರ್ಷದ ಪ್ರೊಬೇಷನ್ ವಿಧಿಸಿದರು. ಅಂದರೆ, ಆ ಅವಧಿಯಲ್ಲಿ ಮತ್ತೆ ಸಿಕ್ಕಿಬಿದ್ದರೆ ಹಳೆಯ ಪ್ರಕರಣವೂ ಸೇರಿ ಮೈಮೇಲೆ ಬರುತ್ತದೆ. ಇದರೊಂದಿಗೆ 500 ಗಂಟೆಗಳ ಸಮುದಾಯ ಸೇವೆ ಮಾಡಬೇಕೆಂದೂ ಆದೇಶವಾಯಿತು.

ಸಾಮಾನ್ಯರು ವರ್ಷಗಟ್ಟಲೆ ಎಳೆಯುವ ಈ ಸೇವೆಯನ್ನು ಮೇರಿ ಎರಡೇ ತಿಂಗಳಲ್ಲಿ ಮುಗಿಸಿದರು. ಮುಗಿದ ಮೇಲೂ ಬಿಡಲಿಲ್ಲ. ಸೇವೆ ಮಾಡಿದ ಸಂಸ್ಥೆಗಳಲ್ಲಿ ಒಂದರ ಹೆಸರು 'ಶಾಂತಿ ಪ್ರಾಜೆಕ್ಟ್'. ನಮ್ಮ 'ಶಾಂತಿ'ಯೇ. ಸಾವಿನ ಅಂಚಿನಲ್ಲಿರುವವರಿಗೆ ಆಸರೆಯಾಗಲು 1974ರಲ್ಲಿ ಹುಟ್ಟಿದ ಸಂಸ್ಥೆ ಅದು. ಕಾನೂನು ಯಾವ ಕೈಯನ್ನು ಶಿಕ್ಷಿಸಲು ಹೊರಟಿತ್ತೋ ಆ ಕೈಯನ್ನು ತಾನೇ ರೋಗಿಗಳ ಹಾಸಿಗೆಯ ಪಕ್ಕಕ್ಕೆ ಕೊಂಡೊಯ್ದು ಬಿಟ್ಟಂತಾಯಿತು.

ಹೆಸರಿಲ್ಲದ ರೋಗ

ಅದೇ 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ಪುಟ್ಟ ವರದಿ ಪ್ರಕಟಿಸಿತು. ಲಾಸ್ ಏಂಜಲೀಸ್‌ನಲ್ಲಿ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ತಗುಲಿತ್ತು. ಏಡ್ಸ್ ಎಂದು ಮುಂದೆ ಹೆಸರಾದ ರೋಗದ ಮೊದಲ ಅಧಿಕೃತ ದಾಖಲೆ ಅದು. ಸ್ಯಾನ್‌ಫ್ರಾನ್ಸಿಸ್ಕೊ ಅದರ ಹೊಡೆತವನ್ನು ಬಹುಬೇಗ, ಬಹಳ ಕಠೋರವಾಗಿ ಉಂಡ ನಗರ. 1983ರಲ್ಲಿ ಅಲ್ಲಿನ ಜನರಲ್ ಆಸ್ಪತ್ರೆ ಏಡ್ಸ್ ರೋಗಿಗಳಿಗಾಗಿಯೇ 'ವಾರ್ಡ್ 86' ತೆರೆಯಿತು.

ರೋಗಿಗಳು ಕಣ್ಣೆದುರಿಗೇ ಸೊರಗಿ ಹೋಗುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಸೇರಿದ್ದು ನಿಲ್ಲುತ್ತಿರಲಿಲ್ಲ. ಮೊದಲ ಔಷಧಿ ಎಜೆಡ್‌ಟಿಗೆ ಮಂಜೂರಾತಿ ಸಿಕ್ಕಿದ್ದು 1987ರಲ್ಲಿ. ಅದರಿಂದಲೂ ಓಕರಿಕೆ ತಪ್ಪುತ್ತಿರಲಿಲ್ಲ. ಎಷ್ಟೋ ಯುವಕರನ್ನು ಹೆತ್ತವರೇ ಹತ್ತಿರ ಸೇರಿಸುತ್ತಿರಲಿಲ್ಲ. ಮಗಳನ್ನು ಕಳೆದುಕೊಂಡಿದ್ದ ಮೇರಿ ಇವರನ್ನೇ ತನ್ನ ಮಕ್ಕಳೆಂದು ಕರೆದರು. ಬ್ರೌನಿ ತಿಂದ ಹಲವರಿಗೆ ಹಸಿವಾಗುತ್ತದೆ, ವಾಂತಿ ತಗ್ಗುತ್ತದೆ ಎಂಬುದನ್ನು ಕಂಡರು. ಮಾರುವುದು ಹೋಗಿ ಹಂಚುವುದು ಶುರುವಾಯಿತು. ಬೆಳೆಗಾರರು ಗಾಂಜಾವನ್ನು ದಾನವಾಗಿ ಕೊಟ್ಟರು. ಹಿಟ್ಟು, ಸಕ್ಕರೆ, ಚಾಕೊಲೇಟ್‌ಗೆ ಮೇರಿಯ ಸ್ವಲ್ಪವೇ ಸ್ವಲ್ಪ ವೃದ್ಧಾಪ್ಯ ವೇತನ. 1984ರಿಂದ ಅವರು ವಾರ್ಡ್ 86ರ ಸ್ವಯಂಸೇವಕಿ. 1986ರಲ್ಲಿ ಆಸ್ಪತ್ರೆ ಅವರನ್ನು ವರ್ಷದ ಸ್ವಯಂಸೇವಕಿ ಎಂದು ಗೌರವಿಸಿತು.

ಈ ನಡುವೆ 1982ರ ಡಿಸೆಂಬರ್ 7ರಂದು ಎರಡನೇ ಬಂಧನವಾಗಿತ್ತು. ಕ್ಯಾನ್ಸರ್ ರೋಗಿಯಾಗಿದ್ದ ಗೆಳೆಯನಿಗೆಂದು ಚೀಲದಲ್ಲಿ ಬ್ರೌನಿ ಹಿಡಿದು ಮಾರ್ಕೆಟ್ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ಎದುರಾದವರು ಹಿಂದೆ ಬಂಧಿಸಿದ್ದ ಅಧಿಕಾರಿಗಳಲ್ಲೇ ಒಬ್ಬರು! ಚೀಲ ತೆರೆಸಿದರು. ಗಾಂಜಾ ಇಟ್ಟುಕೊಂಡದ್ದಲ್ಲದೆ ಪ್ರೊಬೇಷನ್ ಷರತ್ತು ಮುರಿದ ಆರೋಪವೂ ಸೇರಿತು. ಕೊನೆಗೆ ಸರ್ಕಾರಿ ವಕೀಲರು ಪ್ರಕರಣ ಕೈಬಿಟ್ಟರು.

ಕಾನೂನಿನಲ್ಲಿ 'ಕೊಡು' ಎಂದರೆ

ಇಲ್ಲಿ ಸ್ವಲ್ಪ ನಿಂತು ಕಾನೂನಿನ ಅಕ್ಷರಗಳನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಆರೋಗ್ಯ ಮತ್ತು ಸುರಕ್ಷಾ ಸಂಹಿತೆಯ 11360ನೇ ಕಲಮು ಮಾರಾಟವನ್ನು ಮಾತ್ರ ಹೇಳುತ್ತಿರಲಿಲ್ಲ. ಸಾಗಿಸುವುದು, ಒದಗಿಸುವುದು, ಸೇವನೆಗೆ ನೀಡುವುದು, ಕೊಟ್ಟುಬಿಡುವುದು ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಿತ್ತು. ಶಿಕ್ಷೆ ಎರಡರಿಂದ ನಾಲ್ಕು ವರ್ಷ ಜೈಲು. 28.5 ಗ್ರಾಂವರೆಗಿನ ಗಾಂಜಾವನ್ನು ಉಚಿತವಾಗಿ ಕೊಟ್ಟರೆ ಮಾತ್ರ ರಿಯಾಯಿತಿ ಇತ್ತು. ಅದಕ್ಕೆ ಗರಿಷ್ಠ 100 ಡಾಲರ್ ದಂಡ.

ಅಂದರೆ, ಒಂದು ಚಿಟಿಕೆ ಕೊಟ್ಟವನಿಗೂ ವಾರ್ಡಿನ ತುಂಬ ಹಂಚಿದವರಿಗೂ ವ್ಯತ್ಯಾಸ ಮಾಡಿದ್ದು ಉದ್ದೇಶವಲ್ಲ, ತಕ್ಕಡಿ. ಇಡೀ ಅಮೆರಿಕಕ್ಕೆ ಅನ್ವಯಿಸುವ 1970ರ ನಿಯಂತ್ರಿತ ವಸ್ತುಗಳ ಕಾಯ್ದೆಯಲ್ಲೂ ಇಂಥದೇ ಒಂದು ಕಿಟಕಿ ಇದೆ. ಪ್ರತಿಫಲ ಪಡೆಯದೆ 'ಸಣ್ಣ ಪ್ರಮಾಣ' ಕೊಟ್ಟರೆ ಅದನ್ನು ಬರಿಯ ಹೊಂದಿರುವಿಕೆಯೆಂದು ಪರಿಗಣಿಸಬಹುದು. ಆದರೆ ಸಣ್ಣ ಪ್ರಮಾಣ ಎಂದರೆ ಎಷ್ಟು ಎಂದು ಆ ಕಾಯ್ದೆ ಹೇಳುವುದಿಲ್ಲ.

ಕಾನೂನು ಇಷ್ಟು ಬಿಗಿಯಾಗಲು ಕಾರಣವೂ ಇದೆ. ಮಾರಾಟವೊಂದೇ ಅಪರಾಧವಾದರೆ ಪ್ರತಿಯೊಬ್ಬ ಮಾರಾಟಗಾರನೂ 'ಸ್ನೇಹಕ್ಕೆ ಕೊಟ್ಟೆ' ಎನ್ನುತ್ತಾನೆ. ಕತ್ತಲಲ್ಲಿ ಕೈ ಬದಲಾಯಿಸಿದ ನೋಟನ್ನು ಸಾಬೀತುಪಡಿಸುವುದು ಕಷ್ಟ. ವಸ್ತು ಕೈ ಬದಲಾಯಿಸಿದ್ದನ್ನು ಸಾಬೀತುಪಡಿಸುವುದು ಸುಲಭ. ಹಾಗಾಗಿ ಕಾನೂನು ವಸ್ತುವನ್ನು ಹಿಡಿಯುತ್ತದೆ. ಈ ಬಲೆಗೆ ದಂಧೆಯವನೂ ಬೀಳುತ್ತಾನೆ, ಮೇರಿಯಂಥವರೂ ಬೀಳುತ್ತಾರೆ.

ಇದರಲ್ಲೊಂದು ವಿಪರ್ಯಾಸವಿತ್ತು. ಗಾಂಜಾದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ. ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ 'ಮರಿನಾಲ್' ಎಂಬ ಮಾತ್ರೆ ಮಾಡಿ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಕೊಡಬಹುದೆಂದು ಅಮೆರಿಕ ಸರ್ಕಾರ 1985ರಲ್ಲಿ ಒಪ್ಪಿಗೆ ನೀಡಿತು. 1992ರಲ್ಲಿ ಏಡ್ಸ್ ರೋಗಿಗಳ ಹಸಿವಿಲ್ಲದಿರುವಿಕೆಗೂ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ, ಅದೇ ರೋಗಿಗಳಿಗೆ, ಅದೇ ಕಾರಣಕ್ಕೆ ಬ್ರೌನಿ ಮಾಡುತ್ತಿದ್ದ ಮೇರಿ ಮೂರನೇ ಬಾರಿ ಬಂಧನಕ್ಕೊಳಗಾದರು.

ಮೂರನೇ ಬಂಧನ

1992ರ ಜುಲೈ. ಸ್ಯಾನ್‌ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಸೊನೋಮಾ ಕೌಂಟಿಯ ಕಝಡೇರೊ ಎಂಬ ಊರಿನ ಒಂದು ಮನೆ. ಮೇರಿ ಹಿಟ್ಟು ಕಲಸುತ್ತಿದ್ದಾಗಲೇ ಪೊಲೀಸರು ಒಳಗೆ ಬಂದರು. ಸಿಕ್ಕಿದ್ದು ಎರಡೂವರೆ ಪೌಂಡ್, ಅಂದರೆ 1.1 ಕಿಲೊ ಗಾಂಜಾ. 28.5 ಗ್ರಾಂಗಳ ರಿಯಾಯಿತಿಯ ಗೆರೆಯನ್ನು ಅದು ಎಷ್ಟೋ ದಾಟಿತ್ತು. 69 ವರ್ಷದ, ಮಂಡಿನೋವಿನಿಂದ ನರಳುತ್ತಿದ್ದ ಅಜ್ಜಿಯ ಮೇಲೆ ಗಾಂಜಾ ಇಟ್ಟುಕೊಂಡ, ಸಾಗಿಸಿದ ಗಂಭೀರ ಆರೋಪಗಳು ಬಂದವು.

ಈ ಸಲ ಸುದ್ದಿ ಜಗತ್ತಿನ ಟಿವಿಗಳಲ್ಲಿ ಬಿತ್ತರವಾಯಿತು. ಆ ವಾರವೇ ಆಮ್‌ಸ್ಟರ್‌ಡ್ಯಾಂನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆಯುತ್ತಿತ್ತು. ಅಲ್ಲಿಗೆ ಹೋಗಿದ್ದ ವಾರ್ಡ್ 86ರ ವೈದ್ಯ ಡೊನಾಲ್ಡ್ ಅಬ್ರಾಮ್ಸ್ ತಮ್ಮ ಆಸ್ಪತ್ರೆಯ ಸ್ವಯಂಸೇವಕಿಯನ್ನು ಟಿವಿ ಪರದೆಯ ಮೇಲೆ ಕಂಡರು. ಈ ಬ್ರೌನಿಯಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ವೈಜ್ಞಾನಿಕವಾಗಿ ಪರೀಕ್ಷಿಸಿದವರೇ ಇರಲಿಲ್ಲ. ಅಬ್ರಾಮ್ಸ್ ಆ ಕೆಲಸಕ್ಕೆ ಕೈಹಾಕಿದರು. ಪರೀಕ್ಷೆಗೆ ಬೇಕಾದ ಗಾಂಜಾ ಸರ್ಕಾರದಿಂದಲೇ ಬರಬೇಕಿತ್ತು. ಸರ್ಕಾರ ಕೊಡಲಿಲ್ಲ. 1997ರಲ್ಲಿ ಅಂತೂ ಒಪ್ಪಿಗೆ, ಹಣ ಎರಡೂ ದೊರೆತವು. 67 ಜನ ರೋಗಿಗಳ ಮೇಲೆ ನಡೆದ ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮೂರು ವಾರಗಳ ಬಳಕೆಯಲ್ಲಿ ರೋಗಿಗಳ ರಕ್ತದಲ್ಲಿನ ಎಚ್‌ಐವಿ ಪ್ರಮಾಣ ಏರಿದಂತೆ ಕಾಣಲಿಲ್ಲ ಎಂಬುದು ಅದರ ಮುಖ್ಯ ಫಲಿತಾಂಶ.

1992ರ ಆಗಸ್ಟ್ 25ರಂದು ಸ್ಯಾನ್‌ಫ್ರಾನ್ಸಿಸ್ಕೊದ ನಗರಾಡಳಿತ ಮಂಡಳಿ ಆ ದಿನವನ್ನು 'ಬ್ರೌನಿ ಮೇರಿ ದಿನ' ಎಂದು ಘೋಷಿಸಿತು. ಪಕ್ಕದ ಕೌಂಟಿ ಜೈಲಿಗೆ ಕಳಿಸಲು ಸಿದ್ಧವಾಗಿದ್ದವರಿಗೆ ಈ ನಗರ ಸನ್ಮಾನ ಮಾಡಿತು. ಮೇರಿಯೂ ಬ್ರೌನಿ ಮಾಡುವುದನ್ನು ನಿಲ್ಲಿಸುವುದಿಲ್ಲವೆಂದು ಬಹಿರಂಗವಾಗಿಯೇ ಸಾರಿದರು.

ಅವರ ಪರ ವಕೀಲರು ಹೂಡಿದ ವಾದದ ಹೆಸರು 'ವೈದ್ಯಕೀಯ ಅನಿವಾರ್ಯತೆ'. ದೊಡ್ಡ ಕೇಡನ್ನು ತಪ್ಪಿಸಲು ಬೇರೆ ದಾರಿಯಿಲ್ಲದೆ ಸಣ್ಣ ತಪ್ಪು ಮಾಡಿದವರನ್ನು ಶಿಕ್ಷಿಸಬಾರದು ಎಂಬುದು ಇದರ ತಿರುಳು. ಉರಿಯುತ್ತಿರುವ ಮನೆಯಿಂದ ಮಗುವನ್ನು ಎತ್ತಿ ತರಲು ಬಾಗಿಲು ಒಡೆದವನು ಕಳ್ಳನಲ್ಲ ಎಂದ ಹಾಗೆ. ನ್ಯಾಯಾಲಯ ಈ ವಾದದ ಮೇಲೆ ತೀರ್ಪು ಕೊಡುವ ಸಂದರ್ಭವೇ ಬರಲಿಲ್ಲ. ಕೆಲವು ತಿಂಗಳ ಬಳಿಕ ಆರೋಪಗಳನ್ನು ಕೈಬಿಡಲಾಯಿತು.

ಮತಗಟ್ಟೆಯಲ್ಲಿ

ಮೇರಿ ಎರಡು ಸಲ ಪಾರಾದದ್ದು ಕಾನೂನು ಅವರ ಪರವಾಗಿತ್ತೆಂದಲ್ಲ, ವಕೀಲರಿಗೆ ಮೊಕದ್ದಮೆ ನಡೆಸುವ ಮನಸ್ಸಿರಲಿಲ್ಲವೆಂದು. ಸಾರ್ವಜನಿಕರ ಪ್ರೀತಿ ಇಲ್ಲದ ಇನ್ನೊಬ್ಬರಾಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಕರುಣೆಯಿಂದ ಸಿಕ್ಕ ಬಿಡುಗಡೆ ಹಕ್ಕಾಗುವುದಿಲ್ಲ. ಇದನ್ನು ಅರಿತಿದ್ದ ಪೆರಾನ್ ಮತ್ತು ಗೆಳೆಯರು ಕಾನೂನನ್ನೇ ಬದಲಾಯಿಸಲು ಹೊರಟರು.

ಕ್ಯಾಲಿಫೋರ್ನಿಯಾದಲ್ಲಿ ಸಾಕಷ್ಟು ಸಹಿ ಸಂಗ್ರಹಿಸಿದರೆ ಜನರೇ ಮಸೂದೆಯೊಂದನ್ನು ನೇರವಾಗಿ ಮತಕ್ಕೆ ಹಾಕಬಹುದು. 1996ರ ನವೆಂಬರ್ 5ರಂದು ಅಂಥದೊಂದು ಪ್ರಸ್ತಾವ, ಸಂಖ್ಯೆ 215, ಮತಕ್ಕೆ ಬಂತು. ಶೇ 55ಕ್ಕೂ ಹೆಚ್ಚು ಮತದಾರರು ಒಪ್ಪಿದರು. ವೈದ್ಯರ ಶಿಫಾರಸಿದ್ದರೆ ರೋಗಿ ಮತ್ತು ಅವನನ್ನು ನೋಡಿಕೊಳ್ಳುವವರು ಗಾಂಜಾ ಬೆಳೆಯಬಹುದು, ಇಟ್ಟುಕೊಳ್ಳಬಹುದು ಎಂದಾಯಿತು. ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯವದು. 1999ರ ಏಪ್ರಿಲ್ 10ರಂದು, 76ನೇ ವಯಸ್ಸಿನಲ್ಲಿ ಮೇರಿ ತೀರಿಕೊಂಡರು.

ಅವರ ವಕೀಲರು ಹೂಡಿದ್ದ ಅನಿವಾರ್ಯತೆಯ ವಾದಕ್ಕೆ ಉತ್ತರ ಸಿಕ್ಕಿದ್ದು ಎರಡು ವರ್ಷಗಳ ನಂತರ. ಓಕ್‌ಲ್ಯಾಂಡ್‌ನ ರೋಗಿಗಳ ಸಹಕಾರ ಸಂಘವೊಂದರ ಪ್ರಕರಣದಲ್ಲಿ 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಗಾಂಜಾ ತಯಾರಿಕೆ ಮತ್ತು ಹಂಚಿಕೆಗೆ ವೈದ್ಯಕೀಯ ಅನಿವಾರ್ಯತೆಯ ರಕ್ಷಣೆ ಕೇಂದ್ರ ಕಾನೂನಿನಲ್ಲಿ ಇಲ್ಲವೆಂದು ಸ್ಪಷ್ಟವಾಗಿ ಹೇಳಿತು. 2005ರಲ್ಲಿ ಅದೇ ನ್ಯಾಯಾಲಯ, ರಾಜ್ಯ ಅನುಮತಿಸಿದ್ದರೂ ಸ್ವಂತ ಔಷಧಕ್ಕೆಂದು ಮನೆಯಲ್ಲಿ ಬೆಳೆದ ಗಿಡವನ್ನೂ ಕೇಂದ್ರ ಕಾನೂನು ಮುಟ್ಟಬಹುದೆಂದಿತು.

2016ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಇನ್ನೊಂದು ಹೆಜ್ಜೆ ಮುಂದಿಟ್ಟರು. 21 ವರ್ಷ ದಾಟಿದವರು ಅದೇ ವಯಸ್ಸಿನ ಇನ್ನೊಬ್ಬರಿಗೆ 28.5 ಗ್ರಾಂವರೆಗೆ ಗಾಂಜಾವನ್ನು ಯಾವುದೇ ಪ್ರತಿಫಲ ಪಡೆಯದೆ ಕೊಡುವುದು ಅಲ್ಲಿ ಈಗ ಅಪರಾಧವಲ್ಲ. ಒಂದು ಕಾಲಕ್ಕೆ ಅಪರಾಧಗಳ ಸಾಲಿನಲ್ಲಿದ್ದ 'ಕೊಟ್ಟುಬಿಡುವುದು' ಎಂಬ ಪದ ಹಕ್ಕಿನ ಸಾಲಿಗೆ ಬಂದು ಕೂತಿತು. ಆದರೆ ಮನೆಯ ಓವನ್‌ನಲ್ಲಿ ಮಾಡಿದ್ದನ್ನು ಪರವಾನಗಿಯಿಲ್ಲದೆ ಮಾರುವಂತಿಲ್ಲ. ಅಂಗಡಿಯ ತಿನಿಸಿಗೂ ಒಂದು ಬಾರಿಯ ಸೇವನೆಗೆ 10 ಮಿಲಿಗ್ರಾಂ, ಇಡೀ ಪೊಟ್ಟಣಕ್ಕೆ 100 ಮಿಲಿಗ್ರಾಂ ಟಿಎಚ್‌ಸಿ ಮಿತಿ ಇದೆ.

ಸಕ್ಕರೆಯೂ ತೂಕಕ್ಕೆ

ಸೇದುವ ಗಾಂಜಾಕ್ಕಿಲ್ಲದ ಒಂದು ಅಪಾಯ ತಿನ್ನುವ ಗಾಂಜಾಕ್ಕಿದೆ. ಅದೇ ತೂಕ. ಕಾಗದದ ಮೇಲೆ ಇಳಿಸಿದ ಎಲ್‌ಎಸ್‌ಡಿ ಪ್ರಕರಣವೊಂದರಲ್ಲಿ 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಿಕ್ಷೆ ನಿಗದಿಪಡಿಸುವಾಗ ಕಾಗದದ ತೂಕವನ್ನೂ ಸೇರಿಸಬೇಕೆಂದಿತು. 2014ರಲ್ಲಿ ಟೆಕ್ಸಾಸ್‌ನ 19 ವರ್ಷದ ಹುಡುಗನೊಬ್ಬ ಹ್ಯಾಶ್ ಎಣ್ಣೆ ಬೆರೆಸಿದ ಬ್ರೌನಿಯೊಂದಿಗೆ ಸಿಕ್ಕಿಬಿದ್ದ. ಎಣ್ಣೆ ಕೆಲವೇ ಗ್ರಾಂ ಇದ್ದರೂ ಹಿಟ್ಟು, ಸಕ್ಕರೆ, ಕೋಕೋ ಎಲ್ಲವನ್ನೂ ತೂಗಿ ಆರೋಪ ಹೊರಿಸಲಾಯಿತು. ಕಾನೂನಿನ ಪ್ರಕಾರ ಐದು ವರ್ಷದಿಂದ ಜೀವಾವಧಿವರೆಗೆ ಶಿಕ್ಷೆಯಾಗಬಹುದಿತ್ತು. ದೇಶವಿಡೀ ಗದ್ದಲವಾದ ಮೇಲೆ ಆರೋಪದ ತೀವ್ರತೆಯನ್ನು ಇಳಿಸಲಾಯಿತು.

ಇದು ಅಮೆರಿಕದ ವೈಚಿತ್ರ್ಯವೆಂದು ನಾವು ನಗುವಂತಿಲ್ಲ. ನಮ್ಮಲ್ಲೂ ಇದೇ ತಕ್ಕಡಿ ಇದೆ.

ನಮ್ಮ ಕಾನೂನು

ಬ್ರಿಟಿಷರ ಕಾಲದಲ್ಲಿ, 1893-94ರಲ್ಲಿ, ಭಂಗಿ-ಗಾಂಜಾಗಳ ಬಗ್ಗೆ ವಿಚಾರಿಸಲು ಒಂದು ಆಯೋಗ ನೇಮಕವಾಗಿತ್ತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದ ಅದು, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿ ಸಾಕು ಎಂದಿತು. ಈ ಪದ್ಧತಿ ಸ್ವಾತಂತ್ರ್ಯಾನಂತರವೂ ಬಹುಕಾಲ ನಡೆಯಿತು. 1961ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾವನ್ನು ಜಗತ್ತಿನಾದ್ಯಂತ ನಿರ್ಬಂಧಿಸಲು ಹೊರಟಿತು. ಆದರೆ ಗಾಂಜಾ ಎಂದರೆ ಗಿಡದ ಹೂ-ಕಾಯಿಯ ತುದಿ ಮಾತ್ರ, ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಅದರಲ್ಲಿ ಸೇರಿಲ್ಲ ಎಂದು ಅದು ವ್ಯಾಖ್ಯಾನಿಸಿತ್ತು. 1985ರಲ್ಲಿ ನಮ್ಮ ಸಂಸತ್ತು ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಮಾಡಿದಾಗ ಇದೇ ವ್ಯಾಖ್ಯೆ ಬಂತು.

ಥಂಡಾಯಿಯ ಗುಟ್ಟು ಇಲ್ಲಿದೆ. ಎಲೆಯಿಂದ ಅರೆದ ಭಂಗಿ ಈ ಕೇಂದ್ರ ಕಾಯ್ದೆಯ ಹೊರಗೆ ಉಳಿಯಿತು. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಅರ್ಜಿಯೊಂದನ್ನು ವಿಚಾರಿಸುವಾಗ, ಭಂಗಿಯನ್ನು ಚರಸ್ ಅಥವಾ ಗಾಂಜಾದಿಂದ ಮಾಡಲಾಗಿದೆ ಎಂಬುದಕ್ಕೆ ಪ್ರಯೋಗಾಲಯದ ವರದಿ ಇಲ್ಲದಿರುವಾಗ ಅದು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಭಿಪ್ರಾಯಪಟ್ಟು ಜಾಮೀನು ನೀಡಿತು. ಬೆಂಗಳೂರಿನಲ್ಲಿ ವಶಪಡಿಸಿಕೊಂಡಿದ್ದ 29 ಕಿಲೊ ಭಂಗಿಯ ಪ್ರಕರಣವದು.

ಹಾಗೆಂದು ಭಂಗಿಗೆ ಪೂರ್ಣ ಬಿಡುಗಡೆ ಸಿಕ್ಕಿತೆಂದು ತಿಳಿಯಬಾರದು. ಅದರ ಮೇಲಿನ ಹಿಡಿತ ರಾಜ್ಯಗಳ ಅಬಕಾರಿ ಕಾನೂನಿನದು. ಉತ್ತರ ಪ್ರದೇಶದಲ್ಲಿ ಪರವಾನಗಿ ಪಡೆದ ಭಂಗಿ ಅಂಗಡಿಗಳಿವೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮಾದಕ ಪದಾರ್ಥದ ವ್ಯಾಖ್ಯೆಯಲ್ಲಿ ಭಂಗಿಯ ಹೆಸರೂ ಇದೆ. ಕಾಶಿಯಲ್ಲಿ ನಡೆದದ್ದು ಕಲಬುರಗಿಯಲ್ಲೂ ನಡೆಯುತ್ತದೆಂದು ನಂಬುವುದು ಅಪಾಯ.

ಇನ್ನು ಬ್ರೌನಿಗೆ ಬರೋಣ. ಹೂವಿನ ತುದಿ ಗಾಂಜಾ, ಅದರ ಅಂಟು ಚರಸ್. ಇವೆರಡರಿಂದ ಮಾಡಿದ ಮಿಶ್ರಣ, ಪಾನೀಯಗಳೂ ಕಾಯ್ದೆಯ ವ್ಯಾಖ್ಯೆಯಲ್ಲೇ ಇವೆ. 20ನೇ ಕಲಮಿನಲ್ಲಿ ತಯಾರಿಸುವುದು, ಹೊಂದಿರುವುದು, ಮಾರುವುದು, ಕೊಳ್ಳುವುದು, ಸಾಗಿಸುವುದು, ಬಳಸುವುದು ಎಲ್ಲವೂ ಅಪರಾಧ. 'ಉಚಿತವಾಗಿ ಕೊಡುವುದು' ಎಂಬ ಮಾತು ಅಲ್ಲಿಲ್ಲ, ಅದರ ಅಗತ್ಯವೂ ಇಲ್ಲ. ಕೊಡುವ ಮುನ್ನ ಕೈಯಲ್ಲಿ ಇರಲೇಬೇಕಲ್ಲ! ಹೊಂದಿದ್ದೇ ಸಾಕು. ಕ್ಯಾಲಿಫೋರ್ನಿಯಾದಲ್ಲಿದ್ದ ದಾನದ ರಿಯಾಯಿತಿಯೂ ಇಲ್ಲಿಲ್ಲ.

ಶಿಕ್ಷೆ ನಿಲ್ಲುವುದು ತೂಕದ ಮೇಲೆ. ಗಾಂಜಾ 1 ಕಿಲೊವರೆಗೆ 'ಅಲ್ಪ ಪ್ರಮಾಣ', 20 ಕಿಲೊ ಮೀರಿದರೆ 'ವಾಣಿಜ್ಯ ಪ್ರಮಾಣ'. ಚರಸ್‌ಗೆ ಈ ಮಿತಿಗಳು 100 ಗ್ರಾಂ ಮತ್ತು 1 ಕಿಲೊ. ಅಲ್ಪ ಪ್ರಮಾಣಕ್ಕೆ ಗರಿಷ್ಠ ಒಂದು ವರ್ಷ ಜೈಲು ಅಥವಾ 10 ಸಾವಿರ ರೂಪಾಯಿ ದಂಡ ಅಥವಾ ಎರಡೂ. ನಡುವಿನದಕ್ಕೆ 10 ವರ್ಷದವರೆಗೆ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಜೈಲು, 1 ಲಕ್ಷದಿಂದ 2 ಲಕ್ಷ ರೂಪಾಯಿ ದಂಡ. ಜಾಮೀನು ಸಿಗುವುದೂ ಬಹಳ ಕಷ್ಟ.

ಮಿಶ್ರಣವಾದರೆ ಯಾವುದನ್ನು ತೂಗಬೇಕು? ಅದರಲ್ಲಿರುವ ಮಾದಕ ವಸ್ತುವನ್ನಷ್ಟೇ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತ್ತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ತಳ್ಳಿಹಾಕಿತು. ಬೆರೆಸಿದ ಇತರ ಪದಾರ್ಥವೂ ಸೇರಿ ಇಡೀ ಮಿಶ್ರಣವನ್ನು ತೂಗಬೇಕು ಎಂದಿತು. ಕಲಬೆರಕೆ ಮಾಡಿ ಮಾರುವ ದಂಧೆಯವನು ಪಾರಾಗಬಾರದು ಎಂಬುದು ಇದರ ಕಾಳಜಿ.

ಈ ನಿಯಮವನ್ನು ಅಡುಗೆಮನೆಗೆ ತಂದು ನೋಡಿ. 30 ಗ್ರಾಂ ಚರಸ್ ಹಾಕಿ, ತಲಾ 30 ಗ್ರಾಮಿನ 40 ಬ್ರೌನಿ ಮಾಡಿದನೆನ್ನಿ. ಚರಸ್ ಮಾತ್ರ ತೂಗಿದರೆ ಅಲ್ಪ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷ. ನಿಯಮವನ್ನು ಅಕ್ಷರಶಃ ಅನ್ವಯಿಸಿ ಇಡೀ ತಟ್ಟೆಯನ್ನು ತೂಗಿದರೆ 1,200 ಗ್ರಾಂ. ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ. ನಡುವಿನ ಒಂಬತ್ತು ವರ್ಷ ಹಿಟ್ಟು-ಸಕ್ಕರೆಯದು!

ತಿಂದವರ ಕಡೆಯಿಂದ

ಹಂಚಿದವನೊಬ್ಬನಿಗೇ ಅಪಾಯವಲ್ಲ. ತಿಂದವನಿಗೆ 27ನೇ ಕಲಮಿನಡಿ ಸೇವನೆಯ ಶಿಕ್ಷೆ ಇದೆ. ಗೊತ್ತಿದ್ದೂ ಮನೆಯನ್ನು ಇಂಥ ಕೆಲಸಕ್ಕೆ ಬಿಟ್ಟುಕೊಟ್ಟವನಿಗೆ 25ನೇ ಕಲಮು ಇದೆ. ತಮಾಷೆಗೆಂದು ಹೇಳದೆ ತಿನ್ನಿಸಿದರೆ ವಿಷಯ ಇನ್ನೂ ಗಂಭೀರ. ಹಾನಿಯಾಗಬಹುದೆಂದು ಗೊತ್ತಿದ್ದೂ ಅಮಲು ಪದಾರ್ಥ ಕೊಡುವುದಕ್ಕೆ ಹಳೆಯ ದಂಡಸಂಹಿತೆಯ 328ನೇ ಕಲಮಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 123ನೆಯದು. ಶಿಕ್ಷೆ ಹತ್ತು ವರ್ಷದವರೆಗೆ.

ತಿನ್ನುವ ಗಾಂಜಾದ ಗುಣವೂ ಮೋಸದ್ದು. ಸೇದಿದ್ದು ನಿಮಿಷಗಳಲ್ಲಿ ತಲೆಗೇರಿದರೆ, ತಿಂದದ್ದು ತಲೆಗೇರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ತಿಂದವರು ಆಸ್ಪತ್ರೆ ಸೇರುವುದುಂಟು. ಮನೆಯಲ್ಲಿ ಕಲಸಿದ ಹಿಟ್ಟಿನಲ್ಲಿ ಯಾವ ತುಂಡಿಗೆ ಎಷ್ಟು ಹೋಯಿತೆಂದು ಮಾಡಿದವರಿಗೂ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಆರು ವರ್ಷದೊಳಗಿನ ಮಕ್ಕಳು ತಿಳಿಯದೆ ಇಂಥ ತಿನಿಸು ತಿಂದ ಬಗ್ಗೆ ವಿಷ ಮಾಹಿತಿ ಕೇಂದ್ರಗಳಿಗೆ ಬಂದ ವರದಿಗಳು 2017ರಲ್ಲಿ 207 ಇದ್ದವು. 2021ರಲ್ಲಿ 3,054ಕ್ಕೆ ಏರಿದವು. ಮಕ್ಕಳಿಗೆ ಬ್ರೌನಿ ಎಂದರೆ ಬರಿಯ ಬ್ರೌನಿ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? 'ಮಾರಲಿಲ್ಲ, ಕೊಟ್ಟೆ' ಎಂಬ ಮಾತು ನಮ್ಮ ನ್ಯಾಯಾಲಯಗಳಲ್ಲಿ ಗುರಾಣಿಯಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಗುರಾಣಿಯಾದದ್ದು ಮೇರಿ ಬಂಧನಕ್ಕೊಳಗಾದ 35 ವರ್ಷಗಳ ಮೇಲೆ, ಅದೂ ಒಂದು ತೂಕದ ಮಿತಿಯೊಳಗೆ. ಆ ರಾಜ್ಯದ ಗಡಿ ದಾಟಿದರೆ ಮತ್ತೆ ಬೇರೆ ಲೆಕ್ಕ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಗಾಂಜಾ ಇಂದಿಗೂ ನಿಯಂತ್ರಿತ ವಸ್ತುವೇ. ಅಲ್ಲಿ ಓದುವ, ದುಡಿಯುವ ನಮ್ಮವರು ಇದನ್ನು ನೆನಪಿಡುವುದು ಒಳ್ಳೆಯದು. ನಾಗರಿಕರಲ್ಲದವರಿಗೆ ಇದರಿಂದ ವೀಸಾಕ್ಕೇ ಕುತ್ತು ಬರಬಹುದು.

ಮೇರಿ ಕಾನೂನನ್ನು ಗೊತ್ತಿದ್ದೇ ಮುರಿದರು. ಸಿಕ್ಕಾಗ ಅಡಗಲಿಲ್ಲ, ಶಿಕ್ಷೆಯನ್ನು ತಪ್ಪಿಸಿಕೊಳ್ಳಲಿಲ್ಲ. ಅವರ ಬಂಧನದಿಂದ ವೈದ್ಯರು ಪರೀಕ್ಷೆಗೆ ಇಳಿದರು, ಮತದಾರರು ಯೋಚಿಸಿದರು. ಕಾನೂನು ಬದಲಾಗಲು ಅದು ಒಂದು ಕಾರಣವಾಯಿತು. ನಾಳೆ ನಮ್ಮಲ್ಲಿ ಕ್ಯಾನ್ಸರ್ ರೋಗಿಯೊಬ್ಬನ ತಾಯಿ ಇದೇ ಕೆಲಸ ಮಾಡಿದರೆ, ಆಕೆಯನ್ನೂ ದಂಧೆಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ ಎಂಬುದು ಸಂಸತ್ತು ಉತ್ತರಿಸಬೇಕಾದ ಪ್ರಶ್ನೆ. ಅಲ್ಲಿಯವರೆಗೆ ತಕ್ಕಡಿ ಒಂದೇ. ಅದಕ್ಕೆ ಕರುಣೆಯ ತೂಕ ತಿಳಿಯುವುದಿಲ್ಲ.